ಘಾಟಿಯಿಲ್ಲದ ಏರು

ಅವರು: ದಿನಾ ಸಂಜೆ ಈ ಗೋಡೆಯಾಚೆ ಗುಂಯ್ ಅಂತ ಸದ್ದು. ನಿಮ್ಮನೆ ಮಿಕ್ಸಿ ಕೆಟ್ಟಿರಬೇಕು ಅಂದುಕೊಂಡಿದ್ದೆ. ಇದಾ ಸಮಾಚಾರ?

ನಾನು: ಇದೇ. ಬನ್ನಿ, ಕುರ್ಚಿ ಎಳೆದುಕೊಳ್ಳಿ. ಸದ್ದು ಎಂಜಿನ್ನಿನದು. ವಿಮಾನ ಬೋಯಿಂಗ್ 777-200 ಎಲ್‌ಆರ್. ನಿಂತಿರೋದು ದೇವನಹಳ್ಳಿಯಲ್ಲಿ. ಇನ್ನೈದು ನಿಮಿಷಕ್ಕೆ ಸ್ಯಾನ್ ಫ್ರಾನ್ಸಿಸ್ಕೋಗೆ ಹೊರಡುತ್ತೆ.

ಅವರು: ಟಿಕೆಟ್ಟು?

ನಾನು: ಕರೆಂಟು ಬಿಲ್ಲು.

ಅವರು: ಮೂವತ್ತೊಂದು ವರ್ಷ ಸರ್ಕಾರಿ ಬಸ್ಸು ಓಡಿಸಿದೆ. ಅದರಲ್ಲಿ ಹದಿನಾಲ್ಕು ವರ್ಷ ಶಿರಾಡಿ ಘಾಟಿ. ರಿಟೈರಾದ ಮೇಲೆ ಮನೇಲಿ ಕೂತು ಬಸ್ಸು ಓಡಿಸೋ ಆಟ ಆಡೋಣ ಅಂತ ಒಂದು ದಿನವೂ ಅನಿಸಲಿಲ್ಲ. ನೀನು ಕೈಯಿಂದ ದುಡ್ಡು ಹಾಕಿ ಡ್ಯೂಟಿ ಮಾಡ್ತಾ ಇದೀಯಲ್ಲಯ್ಯ.

ನಾನು: ಆಟ ಅಂದರೂ ನನಗೆ ಬೇಜಾರಿಲ್ಲ. ಈ ಸಿಮ್ಯುಲೇಟರು ಹುಟ್ಟಿದ್ದೇ ಹಾಗೆ. ಎಡ್ವಿನ್ ಲಿಂಕ್ ಅಂತ ಒಬ್ಬ ಅಮೆರಿಕದವನು, ಅವರಪ್ಪನದು ಪಿಯಾನೊ, ಆರ್ಗನ್ ಮಾಡೋ ಕಾರ್ಖಾನೆ. ಹಾರೋದು ಕಲಿಯೋಕೆ ಸಿಕ್ಕಾಪಟ್ಟೆ ಖರ್ಚು ಅಂತ, 1929ರಲ್ಲಿ ಆರ್ಗನ್ನಿನ ತಿದಿಗಳನ್ನೇ ಜೋಡಿಸಿ ನೆಲದ ಮೇಲೆ ಓಲಾಡೋ ಒಂದು ಪುಟ್ಟ ವಿಮಾನ ಮಾಡಿದ. ನಮ್ಮ ಹಾರ್ಮೋನಿಯಮ್ಮಿನ ತಿದಿ ಇರುತ್ತಲ್ಲ, ಅದೇ ಸೂತ್ರ. ಮೊದಮೊದಲು ಜಾತ್ರೆಯಲ್ಲಿ ಕೂರೋ ತೊಟ್ಟಿಲಿನ ಹಾಗೆ ನೋಡಿದರು. ಎರಡನೇ ಮಹಾಯುದ್ಧದ ಹೊತ್ತಿಗೆ ಲಕ್ಷಗಟ್ಟಲೆ ಪೈಲಟ್ಟುಗಳು ಅದರಲ್ಲೇ ಕಲಿತರು. ಮನೆಯ ಕಂಪ್ಯೂಟರಿಗೆ ಬಂದದ್ದು ಆಮೇಲೆ. 1982ರಲ್ಲಿ ಮೈಕ್ರೋಸಾಫ್ಟ್ ಮಾರಿದ ಮೊದಲನೇ ಸಿಮ್ಯುಲೇಟರಿನಲ್ಲಿ ಇದ್ದದ್ದು ಒಂದು ಸಣ್ಣ ಸೆಸ್ನಾ, ಗೆರೆ ಎಳೆದ ಹಾಗೆ ನಾಲ್ಕು ಕಟ್ಟಡ.

ಅವರು: ಸರಿ, ಹೊರಡಿಸು. ಇಳಿಸೋದು ಕಷ್ಟವಂತೆ, ಅದನ್ನೇ ನೋಡಬೇಕು.

ನಾನು: ಇಳಿಸೋದು ನೋಡಬೇಕಾದರೆ ನಾಳೆ ಮಧ್ಯಾಹ್ನ ಬರಬೇಕು, 14,000 ಕಿಲೋಮೀಟರ್ ಹತ್ತಿರ ಹತ್ತಿರ. ಎಲ್ಲರೂ ಇಳಿಸೋದನ್ನೇ ಕೇಳ್ತಾರೆ. ವಿಡಿಯೊ ಮಾಡಿ ಹಂಚಿಕೊಳ್ಳೋದೂ ಅದನ್ನೇ. ಏರೋದು ಬೋರು ಅಂತ ಕಾಲವನ್ನ ನಾಲ್ಕು ಪಟ್ಟು ಓಡಿಸಿ, ಮೇಲೆ ಹೋಗಿ ಕೂತ ಮೇಲೆ ಕಣ್ಣು ಬಿಡ್ತಾರೆ. ನನ್ನ ಕೇಳಿದರೆ ದೊಡ್ಡ ವಿಮಾನದ ಗುಣ ಗೊತ್ತಾಗೋದು ಏರುವಾಗ. ಆ ಇಪ್ಪತ್ತೈದು ನಿಮಿಷದಲ್ಲಿ.

ಅವರು: ಇದು ನಿಜವಾದ ರೂಟಾ, ನೀನು ಮಾಡಿಕೊಂಡಿದ್ದಾ?

ನಾನು: ನಿಜದ್ದೇ. 2021ರ ಜನವರಿಯಲ್ಲಿ ಏರ್ ಇಂಡಿಯಾ ಶುರು ಮಾಡಿತು. ಸ್ಯಾನ್ ಫ್ರಾನ್ಸಿಸ್ಕೋದಿಂದ ಬೆಂಗಳೂರಿಗೆ ಮೊದಲ ಸಲ ಬಂದಾಗ ಉತ್ತರ ಧ್ರುವದ ಮೇಲೆ ಹಾದು ಬಂತು. ಕಾಕ್‌ಪಿಟ್ಟಿನಲ್ಲಿ ಇದ್ದವರೆಲ್ಲ ಹೆಂಗಸರು. ಕ್ಯಾಪ್ಟನ್ ಜೋಯಾ ಅಗರ್ವಾಲ್. ವಿಮಾನ ಇದೇ ಜಾತಿಯದು. ನಾನೀಗ ಉಲ್ಟಾ ದಿಕ್ಕಿಗೆ, ಬಂಗಾಳ ಕೊಲ್ಲಿ ದಾಟಿ, ಪೆಸಿಫಿಕ್ ಮೇಲೆ ಹೋಗ್ತಾ ಇದೀನಿ.

ಅವರು: ಲೋಡು ಎಷ್ಟು?

ನಾನು: ನೋಡಿ, ಇಷ್ಟು ವರ್ಷದಲ್ಲಿ ಈ ಪ್ರಶ್ನೆ ಕೇಳಿದ ಮೊದಲನೆಯವರು ನೀವು. ಬೇರೆಯವರೆಲ್ಲ ಸ್ಪೀಡು ಕೇಳ್ತಾರೆ. ಒಟ್ಟು 330 ಟನ್ನು. ಈ ವಿಮಾನಕ್ಕೆ ಮಿತಿ 347. ನನ್ನ ಲೆಕ್ಕದಲ್ಲಿ ಮೂರರಲ್ಲಿ ಒಂದು ಪಾಲಿಗಿಂತ ಜಾಸ್ತಿ ಬರೀ ಇಂಧನ.

ಅವರು: ಮಿತಿ ಇದ್ದಷ್ಟು ತುಂಬಿಸಲಿಲ್ಲ ಯಾಕೆ?

ನಾನು: ಊರು ಎತ್ತರದಲ್ಲಿದೆ. ದೇವನಹಳ್ಳಿ ರನ್‌ವೇ ಸಮುದ್ರಮಟ್ಟದಿಂದ ಸುಮಾರು 3,000 ಅಡಿ. ಘಾಟಿ ಮೇಲಿನ ನಿಮ್ಮ ಸಕಲೇಶಪುರವೂ ಹೆಚ್ಚುಕಡಿಮೆ ಅಷ್ಟೇ. ಬೆಂಗಳೂರಿನ ಹವೆ ನಮಗೆ ಹಿತ, ಎಂಜಿನ್ನಿಗಲ್ಲ. ಗಾಳಿ ಇಲ್ಲಿಂದಲೇ ತೆಳು. ರೆಕ್ಕೆಗೂ ಕಡಿಮೆ, ಎಂಜಿನ್ನಿಗೂ ಕಡಿಮೆ. ಚೆನ್ನೈಯಿಂದ ಹೊರಡೋ ಹಾಗೆ ಇಲ್ಲಿ ತುಂಬಿಕೊಳ್ಳೋಕಾಗಲ್ಲ. ಅದಕ್ಕೇ ರನ್‌ವೇಯನ್ನ 4,000 ಮೀಟರ್ ಉದ್ದ ಇಟ್ಟಿರೋದು ನಮಗೆ ಅನುಕೂಲ.

ಅವರು: ಅಂದರೆ ನೀನು ಆಗಲೇ ಅರ್ಧ ಘಾಟಿ ಹತ್ತಿ ನಿಂತಿದೀಯ.

ನಾನು: ಹತ್ತಿ ನಿಂತಿದೀನಿ, ಆದರೆ ಅದರ ಲಾಭ ಇಲ್ಲ, ಬಾಡಿಗೆ ಮಾತ್ರ ಕಟ್ಟಬೇಕು. ಹಿಡ್ಕೊಳ್ಳಿ, ಹೊರಟೆ. ಮಳೆಗಾಲದ ಗಾಳಿ ಪಶ್ಚಿಮದಿಂದ ಬೀಸ್ತಿದೆ, ಆದ್ದರಿಂದ ಪಶ್ಚಿಮಕ್ಕೆ ಮುಖ ಮಾಡಿ ಓಟ, ಆಮೇಲೆ ಬಲಕ್ಕೆ ತಿರುಗಿ ಪೂರ್ವಕ್ಕೆ.

ಅವರು: ಏಳ್ತಾನೇ ಇಲ್ಲವಲ್ಲೋ ಇದು.

ನಾನು: ಏಳುತ್ತೆ. 170 ನಾಟ್ ಹತ್ತಿರ ಆಗಬೇಕು. ಈಗ... ಮೂಗು ನಿಧಾನಕ್ಕೆ ಎತ್ತಿದೆ. ಅಗೋ, ನೆಲ ಬಿಟ್ಟಿತು.

ಅವರು: ನಾಟ್ ಅಂದರೆ ಗಂಟಾ?

ನಾನು: ಅದೇ ಗಂಟು. ಹಡಗಿನವರು ಗಂಟು ಹಾಕಿದ ಹಗ್ಗ ನೀರಿಗೆ ಬಿಟ್ಟು, ಗೊತ್ತಾದ ಹೊತ್ತಿನಲ್ಲಿ ಎಷ್ಟು ಗಂಟು ಕೈ ದಾಟಿತು ಅಂತ ಎಣಿಸ್ತಿದ್ದರು. ಒಂದು ನಾಟ್ ಅಂದರೆ ಗಂಟೆಗೆ 1.852 ಕಿಲೋಮೀಟರ್. ಬಲಗಡೆ ನೋಡಿ, ಆ ಕಪ್ಪು ಗುಡ್ಡ, ನಂದಿ.

ಅವರು: ಸದ್ದು ಕಡಿಮೆಯಾಯಿತು. ಈಗಷ್ಟೇ ಎದ್ದಿದೆ, ಯಾಕೆ ಆಕ್ಸಿಲರೇಟರ್ ಬಿಟ್ಟೆ?

ನಾನು: ನಿಮ್ಮ ಕಿವಿ ಅಂದರೆ ಕಿವಿ. ನೆಲದಿಂದ 1,500 ಅಡಿ ಮೇಲೆ ಬಂದೆವು. ಏಳುವಾಗ ಕೊಡೋ ಪೂರ್ತಿ ಶಕ್ತಿಯನ್ನ ಐದು ನಿಮಿಷಕ್ಕಿಂತ ಹೆಚ್ಚು ಹೊತ್ತು ಬಳಸಬಾರದು. ಎಂಜಿನ್ನಿನ ಆಯುಸ್ಸು ಹೋಗುತ್ತೆ. ಆದ್ದರಿಂದ ಇಲ್ಲಿಂದ ಕ್ಲೈಂಬ್ ಥ್ರಸ್ಟ್, ಗಂಟೆಗಟ್ಟಲೆ ಎಳೆದರೂ ತಡೆಯೋ ಶಕ್ತಿ. ಇನ್ನು ರೆಕ್ಕೆಯ ಹಿಂದೆ ಚಾಚಿರೋ ಫ್ಲ್ಯಾಪನ್ನ ಒಂದೊಂದೇ ಹಂತ ಮಡಚಬೇಕು. ಅದಕ್ಕೆ ಮೊದಲು ಸ್ವಲ್ಪ ಮೂಗು ತಗ್ಗಿಸಿ ವೇಗ ಕೂಡಿಸಬೇಕು. ಹೊಸಬರು ಮಾಡೋ ಮೊದಲನೇ ತಪ್ಪು ಇಲ್ಲೇ. ಎದ್ದಿತಲ್ಲ ಅಂತ ಮೂಗು ಮೇಲೇ ಇಟ್ಟುಕೊಂಡು ಫ್ಲ್ಯಾಪ್ ಎಳೆದುಬಿಡ್ತಾರೆ.

ಅವರು: ಈಗ ವೇಗ 250ರಲ್ಲಿ ನಿಂತಿದೆ. ರಸ್ತೇಲಿ ಹಂಪ್ ಇದೆಯಾ?

ನಾನು: ಬೋರ್ಡ್ ಇದೆ ಅಂದುಕೊಳ್ಳಿ. 10,000 ಅಡಿಯ ಕೆಳಗೆ 250 ನಾಟ್ ಮೀರಬಾರದು ಅಂತ ಸಾಮಾನ್ಯ ನಿಯಮ. ಕೆಳಗಡೆ ಸಣ್ಣ ವಿಮಾನ, ಹೆಲಿಕಾಪ್ಟರ್, ಹದ್ದು ಎಲ್ಲ ಇರ್ತವೆ. ತಮಾಷೆ ಏನಂದರೆ ಪೂರ್ತಿ ತುಂಬಿದ ದೊಡ್ಡ ವಿಮಾನಕ್ಕೆ ಫ್ಲ್ಯಾಪ್ ಮಡಚಿ ನೆಮ್ಮದಿಯಾಗಿ ಹಾರೋಕೆ 250ಕ್ಕಿಂತ ಹೆಚ್ಚೇ ಬೇಕಾಗೋದುಂಟು. ಆಗ ಪೈಲಟ್ಟು ಕಂಟ್ರೋಲಿನವರಿಗೆ ಹೇಳಿ ಅನುಮತಿ ಪಡೀತಾರೆ. ನಾನು ಯಾರನ್ನ ಕೇಳಲಿ, ಇಲ್ಲೊಂದು ಬಟನ್ ಒತ್ತಿದೆ. ಈಗ 262.

ಅವರು: ನಿಮಿಷಕ್ಕೆಷ್ಟು ಹತ್ತುತ್ತಾ ಇದೆ?

ನಾನು: 2,200 ಅಡಿ.

ಅವರು: ಘಾಟಿ ಬುಡದ ಗುಂಡ್ಯದಿಂದ ಸಕಲೇಶಪುರಕ್ಕೆ ಅಷ್ಟೇ ಏರು, ಇನ್ನೊಂದೈನೂರು ಅಡಿ ಹೆಚ್ಚಿರಬಹುದು. ನನಗೆ ಒಂದು ಗಂಟೆ ಹಿಡೀತಿತ್ತು, ಮುಂದೆ ಟ್ಯಾಂಕರ್ ಸಿಕ್ಕರೆ ಎರಡು.

ನಾನು: ಈ ಭಾಗ್ಯ ಹೆಚ್ಚು ಹೊತ್ತಿಲ್ಲ, ನೋಡ್ತಿರಿ. 10,000 ಬಂತು. ಈಗ ವಿಮಾನ ಏನು ಮಾಡುತ್ತೆ ಹೇಳಿ.

ಅವರು: ಬೋರ್ಡ್ ಮುಗೀತಲ್ಲ, ವೇಗ ಹಿಡಿಯುತ್ತೆ.

ನಾನು: ಹಿಡಿಯೋಕೆ ಶಕ್ತಿ ಎಲ್ಲಿಂದ? ಎಂಜಿನ್ ಆಗಲೇ ಕೊಡೋದನ್ನೆಲ್ಲ ಕೊಡ್ತಾ ಇದೆ.

ಅವರು: ಹಾಗಾದರೆ ಏರು ಬಿಡಬೇಕು. ಅಗೋ, ಮೂಗು ಇಳಿಸ್ತು! ಏರು 900ಕ್ಕೆ ಬಂತು, ವೇಗ ಮೇಲಕ್ಕೆ ಹೋಗ್ತಿದೆ.

ನಾನು: 320 ನಾಟ್ ಆಗೋವರೆಗೂ ಹೀಗೇ, ಅರೆಮನಸ್ಸಿನಿಂದ ಹತ್ತುತ್ತೆ. ಆದ ಮೇಲೆ ಮತ್ತೆ ಮೂಗು ಎತ್ತುತ್ತೆ. ಪ್ರಯಾಣಿಕರಿಗೆ ಹೊಟ್ಟೆಯೊಳಗೆ ಒಂದು ಸಣ್ಣ ಜಾರು ಅನಿಸೋದು ಇದೇ ಹೊತ್ತಿಗೆ. ಕೆಲವರು ಹೆದರಿ ಕಿಟಕಿ ನೋಡ್ತಾರೆ.

ಅವರು: ನಮ್ಮಲ್ಲೂ ಇದೆ. ಮಾರನಹಳ್ಳಿಗೆ ಮುಂಚೆ ಒಂದು ಸಣ್ಣ ಸಪಾಟು ಸಿಗುತ್ತೆ. ಅಲ್ಲಿ ಓಟ ಕೂಡಿಸಿಕೊಳ್ಳದವನು ಮುಂದಿನ ತಿರುವಿನಲ್ಲಿ ಫಸ್ಟ್ ಗೇರಿಗೆ ಬರ್ತಾನೆ, ಹಿಂದಿನವರ ಬಾಯಲ್ಲಿ ಬೈಸ್ಕೊತಾನೆ. ಸರಿ, ಈಗ ಏನು ತಿರುಗಿಸಿದೆ?

ನಾನು: ಎತ್ತರ ತೋರಿಸೋ ಮೀಟರನ್ನ 1013ಕ್ಕೆ ಇಟ್ಟೆ. ಅದು ಅಳೆಯೋದು ಗಾಳಿಯ ಒತ್ತಡ, ಅಡಿ ಅಲ್ಲ. ಕೆಳಗಿದ್ದಾಗ ಊರಿನ ಒತ್ತಡ ಹಾಕಿಕೊಳ್ಳಬೇಕು, ಮೇಲೆ ಹೋದ ಮೇಲೆ ಎಲ್ಲ ವಿಮಾನದವರೂ ಒಂದೇ ಅಂಕಿ. ಗಡಿಯಾರ ಎಲ್ಲರದೂ ಐದು ನಿಮಿಷ ತಪ್ಪಿದ್ದರೂ ಒಂದೇ ಥರ ತಪ್ಪಿದ್ದರೆ ಬಸ್ಸು ಸಿಗುತ್ತಲ್ಲ, ಹಾಗೆ. ಇದು ಬಿಡಿ, ಮರೆತರೂ ಸಿಮ್ಯುಲೇಟರಿನಲ್ಲಿ ಯಾರೂ ಬೈಯಲ್ಲ.

ಅವರು: ಕೈ ಬಿಟ್ಟುಬಿಟ್ಟಿದೀಯ. ಅದೇ ಹೋಗ್ತಾ ಇದೆ. ನೀನು ಯಾಕಿರಬೇಕು ಇಲ್ಲಿ? ಎದ್ದು ಹೋಗಿ ಕಾಫಿ ಮಾಡಿಕೊಂಡು ಬಾ.

ನಾನು: ಒಂದು ಸಲ ಹೋಗಿದ್ದೆ. ಅದೇ ಕಥೆ.

ಅವರು: ಹೇಳು.

ನಾನು: ಹನ್ನೆರಡು ವರ್ಷದ ಹಿಂದೆ. ಆಗ ಇದ್ದದ್ದು ಹಳೆಯ ಸಿಮ್ಯುಲೇಟರು, ವಿಮಾನ 747. ಭರ್ತಿ ಇಂಧನ ತುಂಬಿಸಿದ್ದೆ, ತೂಕದ ಕಡೆ ನೋಡಲೂ ಇಲ್ಲ. ಎದ್ದ ಮೇಲೆ ಆಟೋಪೈಲಟ್ಟಿಗೆ 37,000 ಅಂತ ಹಾಕಿದೆ, ನಿಮಿಷಕ್ಕೆ 1,800 ಅಡಿ ಏರು ಅಂದೆ. ಎಂಜಿನ್ ತಾನಾಗಿ ವೇಗ ಕಾಯ್ದುಕೊಳ್ಳಲಿ ಅಂತ ಆಟೋಥ್ರಾಟಲ್ ಹಾಕಿದೆ. ಎಲ್ಲ ಚೆನ್ನಾಗಿತ್ತು. 10,000, 15,000, 20,000. ಗಡಿಯಾರದ ಮುಳ್ಳಿನ ಹಾಗೆ 1,800, 1,800. ನಾನು ಎದ್ದು ಹೋಗಿ ಕಾಫಿ ಇಟ್ಟೆ. ಬಂದು ನೋಡ್ತೀನಿ, ಮೂಗು ಆಕಾಶ ನೋಡ್ತಿದೆ, ಎಂಜಿನ್ ನಾಲ್ಕೂ ಕಿರುಚ್ತಿವೆ, ವಿಮಾನ ಕೆಳಗೆ ಬೀಳ್ತಿದೆ. ಮೂಗು ಮೇಲಕ್ಕೆ, ವಿಮಾನ ಕೆಳಕ್ಕೆ. ಏನಾಯಿತು ಅಂತ ತಿಳಿಯೋಕೆ ನನಗೆ ಒಂದು ವಾರ ಬೇಕಾಯಿತು. ಸಿಮ್ಯುಲೇಟರು ಸರಿಯಿಲ್ಲ ಅಂತ ಮೂರು ದಿನ ಬೈದೆ, ಮತ್ತೆ ಇನ್‌ಸ್ಟಾಲ್ ಮಾಡಿದೆ.

ಅವರು: ವಾರ ಯಾಕಯ್ಯ? ಟಾಪ್ ಗೇರಿನಲ್ಲೇ ಘಾಟಿ ಹತ್ತಿಸಿದೀಯ.

ನಾನು: ಅಯ್ಯೋ, ಆಗ ನೀವು ಪಕ್ಕದ ಮನೆಗೆ ಬಂದಿರಲಿಲ್ಲ.

ಅವರು: ಅಲ್ಲವಾ ಮತ್ತೆ? ಸಪಾಟು ರಸ್ತೆಯಲ್ಲಿ ಅರವತ್ತರಲ್ಲಿ ಹೋಗ್ತಿದ್ದೆ, ಘಾಟಿಯಲ್ಲೂ ಅರವತ್ತೇ ಬೇಕು ಅಂತ ಗೇರು ಇಳಿಸದೆ ಆಕ್ಸಿಲರೇಟರ್ ತುಳಿದರೆ ಗಾಡಿ ಡಗ್ ಡಗ್ ಅಂತ ನಡುಗುತ್ತೆ, ನಿಲ್ಲುತ್ತೆ. ಏರು ಎಷ್ಟು ಅಂತ ಹೇಳೋದು ರಸ್ತೆ. ವೇಗ ಎಷ್ಟು ಅಂತ ಹೇಳೋದು ಎಂಜಿನ್ನು. ಡ್ರೈವರ್ ಎರಡನ್ನೂ ಹೇಳೋಕೆ ಹೋದರೆ ಆಗಲ್ಲ.

ನಾನು: ಹೌದು, ಸಂಗತಿ ಅದೇ. 1,800 ಅಡಿ ಏರು ಅಂತ ನಾನು ಹಟ ಹಿಡಿದೆ. ಕೆಳಗೆ ಗಾಳಿ ದಪ್ಪ ಇದ್ದಾಗ ಎಂಜಿನ್ನಿಗೆ ಅದು ಲೆಕ್ಕಕ್ಕಿಲ್ಲ. ಮೇಲೆ ಹೋದ ಹಾಗೆ ಶಕ್ತಿ ಸೋರುತ್ತೆ. ಆಟೋಥ್ರಾಟಲ್ ಕೊನೆವರೆಗೂ ತಳ್ಳಿತು, ಇನ್ನು ತಳ್ಳೋಕೆ ಜಾಗ ಇಲ್ಲ. ಆದರೆ ಆಟೋಪೈಲಟ್ಟಿಗೆ ಅದು ಗೊತ್ತಿಲ್ಲ, ಅದಕ್ಕೆ ಅಪ್ಪಣೆ 1,800. ಅದನ್ನ ಉಳಿಸಿಕೊಳ್ಳೋಕೆ ಮೂಗು ಇನ್ನಷ್ಟು ಎತ್ತಿತು. ಎತ್ತಿದಷ್ಟೂ ವೇಗ ಬಿತ್ತು. ಬಿದ್ದಷ್ಟೂ ಇನ್ನೂ ಎತ್ತಿತು. ಕೊನೆಗೆ ರೆಕ್ಕೆಯ ಮೇಲೆ ಗಾಳಿ ನಿಲ್ಲಲಿಲ್ಲ.

ಅವರು: ನನಗಾದರೆ ಬಸ್ಸು ನಿಂತಿತು, ಹ್ಯಾಂಡ್ ಬ್ರೇಕು ಎಳೆದೆ, ಕಂಡಕ್ಟರು ಇಳಿದು ಹಿಂದಿನ ಚಕ್ರಕ್ಕೆ ಒಂದು ಕಲ್ಲು ಕೊಟ್ಟ, ಮುಗೀತು.

ನಾನು: ಅಲ್ಲಿ ಕಲ್ಲು ಕೊಡೋಕೆ ನೆಲ ಇಲ್ಲ. ನಿಲ್ಲೋ ಹಾಗೇ ಇಲ್ಲ.

ಅವರು: ಈಗ ಹೇಗೆ ಹತ್ತಿಸ್ತಿದೀಯ ಮತ್ತೆ?

ನಾನು: ಉಲ್ಟಾ. ಎಂಜಿನ್ ಕ್ಲೈಂಬ್ ಥ್ರಸ್ಟಿನಲ್ಲಿ ಕೂತಿರಲಿ, ಅದನ್ನ ಮುಟ್ಟಲ್ಲ. 320 ನಾಟ್ ವೇಗ ಕಾಯೋದು ಮೂಗಿನ ಕೆಲಸ. ವೇಗ ಜಾಸ್ತಿಯಾದರೆ ಮೂಗು ಎತ್ತುತ್ತೆ, ಕಡಿಮೆಯಾದರೆ ಇಳಿಸುತ್ತೆ. ಏರು ಎಷ್ಟು ಬಂತೋ ಅಷ್ಟು. 2,000 ಬಂದರೆ ಸರಿ, 400 ಬಂದರೂ ಸರಿ. ಬೋಯಿಂಗಿನಲ್ಲಿ ಇದಕ್ಕೆ ಎರಡು ಬಟನ್ ಇವೆ, ಒಂದು ವಿಎನ್‌ಎವಿ, ಇನ್ನೊಂದು ಎಫ್‌ಎಲ್‌ಸಿಎಚ್. ಮೂರನೆಯದು ವಿ/ಎಸ್, ನಿಮಿಷಕ್ಕೆ ಇಷ್ಟೇ ಏರು ಅಂತ ಅಪ್ಪಣೆ ಕೊಡೋದು, ನಾನು ಆವತ್ತು ಬಿದ್ದ ಹಳ್ಳ. ಅದಕ್ಕೂ ಕೆಲಸ ಇದೆ, ಇಲ್ಲ ಅಂತಲ್ಲ. ಕೊನೇ ಸಾವಿರ ಅಡಿ ಮೆತ್ತಗೆ ಹೋಗಬೇಕಾದಾಗ ಬಳಸ್ತಾರೆ. ಆದರೆ ಅದನ್ನ ಒತ್ತಿದ ಮೇಲೆ ವೇಗದ ಮೇಲಿಂದ ಕಣ್ಣು ತೆಗೀಬಾರದು. ಕಾಫಿಯಂತೂ ಇಲ್ಲವೇ ಇಲ್ಲ.

ಅವರು: ನಿನ್ನಂಥವರು ಮನೆಯಲ್ಲಿ ಬೀಳಿಸ್ತೀರಿ, ಸರಿ. ನಿಜವಾದ ಪೈಲಟ್ಟು ಹೀಗೆ ಮಾಡ್ತಾನಾ?

ನಾನು: ಮಾಡಿದಾರೆ. 2004ರ ಅಕ್ಟೋಬರ್ 14. ಅಮೆರಿಕದಲ್ಲಿ ಪಿನ್ನಕಲ್ ಏರ್‌ಲೈನ್ಸಿನ ಒಂದು ಸಣ್ಣ ಜೆಟ್, ಸಿಆರ್‌ಜೆ-200. ರಾತ್ರಿ ಲಿಟಲ್ ರಾಕ್‌ನಿಂದ ಮಿನಿಯಾಪೊಲಿಸ್‌ಗೆ ಖಾಲಿ ತಗೊಂಡು ಹೋಗಬೇಕಿತ್ತು. ಇಬ್ಬರೇ ಪೈಲಟ್ಟುಗಳು. ಆ ವಿಮಾನಕ್ಕೆ ಗರಿಷ್ಠ 41,000 ಅಡಿ ಅಂತ ಮಿತಿ. ಜನ ಇಲ್ಲ, ಗಾಡಿ ಹಗುರ, ಒಂದು ಸಲ ಮಿತಿ ಮುಟ್ಟಿ ನೋಡೋಣ ಅನಿಸಿತು ಅವರಿಗೆ. ಕಂಟ್ರೋಲಿನವರನ್ನ ಕೇಳಿ ಹತ್ತಿದರು. ವಿ/ಎಸ್‌ನಲ್ಲಿ, ನಿಮಿಷಕ್ಕೆ 500 ಅಡಿ.

ಅವರು: ಐನೂರೇ? ಅದು ಕಡಿಮೆಯಲ್ಲವಾ?

ನಾನು: ಕಡಿಮೆ ಅಂತಲೇ ಅವರೂ ಅಂದುಕೊಂಡಿರಬೇಕು. ಅಲ್ಲಿ ಅದೂ ಹೆಚ್ಚಾಯಿತು. 41,000 ಮುಟ್ಟಿದರು ನಿಜ, ಮುಟ್ಟುವಾಗ ವೇಗ 163 ನಾಟ್‌ಗೆ ಇಳಿದಿತ್ತು. ಅಲ್ಲಿ ನಿಲ್ಲೋಕೆ ಸಾಲದು. ವಿಮಾನ ಎಚ್ಚರಿಸಿತು, ತಾನೇ ಮೂಗು ಕೆಳಗೆ ತಳ್ಳಿತು, ಅವರು ಮತ್ತೆ ಎಳೆದರು. ಎಂಜಿನ್ ಎರಡೂ ಆರಿದವು. ಕೆಳಗೆ ಬರ್ತಾ ಮತ್ತೆ ಹಚ್ಚೋಕೆ ನೋಡಿದರು, ಹತ್ತಲಿಲ್ಲ. ಮಿಸೌರಿಯ ಜೆಫರ್ಸನ್ ಸಿಟಿ ಹತ್ತಿರ ಬಿತ್ತು. ಇಬ್ಬರೂ ಹೋದರು.

ಅವರು: ...

ನಾನು: ನನ್ನ 747 ಬಿದ್ದಾಗ ಕಾಫಿ ಆರಿತ್ತು, ಅಷ್ಟೇ. ಇದನ್ನ ಓದಿದ ಮೇಲೆ ಸಿಮ್ಯುಲೇಟರಿನ ಬೀಳಾಟವನ್ನ ತಮಾಷೆ ಮಾಡೋಕೆ ಮನಸ್ಸಾಗಲಿಲ್ಲ.

ಅವರು: ನಮ್ಮ ಡಿಪೋದಲ್ಲೂ ಇದ್ದರು. ಖಾಲಿ ಗಾಡಿ ತರುವಾಗಲೇ ಎಡವಟ್ಟು ಮಾಡ್ತಿದ್ದರು. ಜನ ಇದ್ದರೆ ಮೈಮೇಲೆ ಎಚ್ಚರ ಇರುತ್ತೆ. ಈಗೆಲ್ಲಿದೀವಿ?

ನಾನು: ಮದನಪಲ್ಲಿ ದಾಟಿದೆವು. 24,000 ಅಡಿ. ಹೊರಗಿನ ಗಾಳಿಯ ಒತ್ತಡ ಅರ್ಧ ಆದದ್ದು 18,000ದಲ್ಲೇ. ಏರು ನೋಡಿ, 1,300.

ಅವರು: ಕಿವಿ ಮುಚ್ಚಿಕೊಳ್ಳಬೇಕಿತ್ತು ಇಷ್ಟೊತ್ತಿಗೆ. ಘಾಟಿಯಲ್ಲಿ ಅರ್ಧ ಬಸ್ಸು ಆಕಳಿಸ್ತಾ ಇರುತ್ತೆ.

ನಾನು: ಒಳಗೆ ಗಾಳಿ ತುಂಬಿಸ್ತಾ ಇರ್ತಾರೆ. ಹೊರಗೆ ಎಷ್ಟೇ ಎತ್ತರ ಇರಲಿ, ಒಳಗೆ ಹೆಚ್ಚೆಂದರೆ 8,000 ಅಡಿಯ ಗಾಳಿ. ಅದೂ ಕಡಿಮೆಯಲ್ಲ, ಮುಳ್ಳಯ್ಯನಗಿರಿಯ ನೆತ್ತಿಯೇ 6,300 ಚಿಲ್ಲರೆ. ಇಲ್ಲಿ ಕೂತ ನಮಗೆ ಮಾತ್ರ ಯಾವುದೂ ಇಲ್ಲ. ಕಿವಿ ಮುಚ್ಚಲ್ಲ, ಬೆನ್ನು ಸೀಟಿಗೆ ಒತ್ತಲ್ಲ, ಹೊಟ್ಟೆ ಜಾರಲ್ಲ. ಸಿಮ್ಯುಲೇಟರಿನ ದೊಡ್ಡ ಕೊರತೆ ಅದು. ಎಲ್ಲವನ್ನೂ ಮುಳ್ಳು ನೋಡಿಯೇ ತಿಳೀಬೇಕು.

ಅವರು: ನನಗೆ ಸೀಟು ಹೇಳ್ತಿತ್ತು, ಮುಳ್ಳು ಅಲ್ಲ. ನಮ್ಮ ಗಾಡಿಗಳಲ್ಲಿ ಮುಳ್ಳು ಇದ್ದರೂ ಓಡ್ತಿರಲಿಲ್ಲ ಬಿಡು. ಒಂದು ಕೇಳ್ತೀನಿ. ಇಷ್ಟು ಒದ್ದಾಡಿ ಮೇಲೆ ಯಾಕೆ ಹೋಗಬೇಕು? 10,000ದಲ್ಲೇ ಹೋದರೆ ಆಗಲ್ವಾ, ನೆಲವಾದರೂ ಕಾಣುತ್ತೆ.

ನಾನು: ಅಲ್ಲಿ ಗಾಳಿ ದಪ್ಪ, ಅಂಬಲಿಯಲ್ಲಿ ಈಜಿದ ಹಾಗೆ. ಇದೇ ಇಂಧನ ಪೆಸಿಫಿಕ್ಕಿನ ನಡುವೆ ಎಲ್ಲೋ ಮುಗಿದುಹೋಗುತ್ತೆ. ಮೇಲೆ ತೆಳುಗಾಳಿಯಲ್ಲಿ ಮುಳ್ಳು 320 ನಾಟ್ ತೋರಿಸ್ತಾ ಇದ್ದರೂ ನಿಜವಾದ ವೇಗ 490 ಹತ್ತಿರ ಇರುತ್ತೆ, ಗಂಟೆಗೆ 900 ಕಿಲೋಮೀಟರು. ಹತ್ತೋಕೇ ಏಳೆಂಟು ಟನ್ ಇಂಧನ ಸುಟ್ಟರೂ ಮೇಲೆ ಹೋದ ಮೇಲೆ ಅದರ ಎಷ್ಟೋ ಪಟ್ಟು ಉಳಿಯುತ್ತೆ.

ಅವರು: ಏರು 900 ಆಯಿತು. 700. ಸುಸ್ತಾಗ್ತಿದೆ ಇದಕ್ಕೆ.

ನಾನು: ಒಂದು ಒರಟು ಲೆಕ್ಕ ಹೇಳ್ತೀನಿ, ನಾನೇ ಹಾಕಿಕೊಂಡದ್ದು. ನೆಲದ ಹತ್ತಿರ ಈ ಎಂಜಿನ್ನುಗಳು ಒಂದೊಂದೂ ಸುಮಾರು 50 ಟನ್ನಿನ ನೂಕು ಕೊಡ್ತವೆ. ಇಲ್ಲಿ, 30,000ದ ಆಸುಪಾಸಿನಲ್ಲಿ, ಅದರ ಐದರಲ್ಲೊಂದು ಪಾಲು. ಎರಡೂ ಸೇರಿ 20 ಟನ್ ಅಂತ ಇಟ್ಟುಕೊಳ್ಳಿ. ಈ ತೂಕದ ವಿಮಾನವನ್ನ ಗಾಳಿ ಹಿಂದಕ್ಕೆ ಎಳೆಯೋದು 17 ಟನ್ ಇರಬಹುದು. ಉಳಿದದ್ದೆಷ್ಟು?

ಅವರು: ಮೂರು.

ನಾನು: 325 ಟನ್ನಿಗೆ ಮೂರು ಟನ್. ನೂರು ಅಡಿ ಮುಂದೆ ಹೋದರೆ ಒಂದು ಅಡಿ ಮೇಲೆ. ನಿಮಿಷಕ್ಕೆ 450, 500 ಅಡಿ ಬರುತ್ತೆ. ಸಂಬಳ ಬಂದ ದಿನ ಎಲ್ಲರೂ ಶ್ರೀಮಂತರು. ಬಾಡಿಗೆ, ಹಾಲು, ಸ್ಕೂಲ್ ಫೀಜು ಕಳೆದು ಮೂವತ್ತನೇ ತಾರೀಕಿಗೆ ಉಳಿಯೋ ಚಿಲ್ಲರೆ ಇದೆಯಲ್ಲ, ವಿಮಾನ ಎತ್ತರ ಕೊಳ್ಳೋದು ಆ ಚಿಲ್ಲರೆಯಲ್ಲಿ.

ಅವರು: ಚಿಲ್ಲರೆ ಮುಗಿದರೆ?

ನಾನು: ಮುಗಿಯೋಕೆ ಮುಂಚೆ ನಿಲ್ಲಿಸಬೇಕು. ಎಲ್ಲಿ ಅಂತ ಕಂಪ್ಯೂಟರ್ ಲೆಕ್ಕ ಹಾಕಿ ಹೇಳುತ್ತೆ. ಇಲ್ಲಿ ಎರಡು ಅಂಕಿ ಇದೆ ನೋಡಿ, ಒಂದು ಇವತ್ತಿನ ತೂಕಕ್ಕೆ ಒಪ್ಪೋ ಎತ್ತರ, ಇನ್ನೊಂದು ಅದರ ಮೇಲಿನ ಮಿತಿ. ಮೊದಲನೆಯದು 31,000ದ ಹತ್ತಿರ ಇದೆ. ಆವತ್ತು 747ರಲ್ಲಿ ಈ ಪುಟ ತೆರೆದೇ ನೋಡಿರಲಿಲ್ಲ ನಾನು. 37,000 ಯಾಕೆ ಹಾಕಿದೆ ಅಂದರೆ, ಹಿಂದೊಂದು ಸಲ ವಿಮಾನದಲ್ಲಿ ಹೋದಾಗ ಟಿವಿಯಲ್ಲಿ ಆ ಅಂಕಿ ನೋಡಿದ್ದೆ.

ಅವರು: ಹಹ್ಹಾ! ಹೊರಗೆ ಚಳಿ ಎಷ್ಟು?

ನಾನು: ಮೈನಸ್ 35. ಬಿಸಿ ಜಾಸ್ತಿ ಇವತ್ತು.

ಅವರು: ಮೈನಸ್ ಮೂವತ್ತೈದು ಬಿಸಿಯಾ?

ನಾನು: ಎಂಜಿನ್ನಿನ ಪಾಲಿಗೆ ಬಿಸಿ. ಪುಸ್ತಕದ ಪ್ರಕಾರ ಈ ಎತ್ತರದಲ್ಲಿ ಮೈನಸ್ 46 ಇರಬೇಕು. ನಮ್ಮ ಕಡೆ, ಉಷ್ಣವಲಯದ ಮೇಲೆ, ಈ ಎತ್ತರದಲ್ಲಿ ಹತ್ತು ಡಿಗ್ರಿ ಆಚೀಚೆ ಹೆಚ್ಚೇ ಇರುತ್ತೆ. ಬಿಸಿಗಾಳಿ ಅಂದರೆ ತೆಳುಗಾಳಿ. ಇದೇ ತೂಕದಲ್ಲಿ ಅಲಾಸ್ಕಾದಲ್ಲಿ ಹತ್ತಿದರೆ ಇದಕ್ಕಿಂತ ಚುರುಕಾಗಿ ಹತ್ತುತ್ತೆ. ಎವರೆಸ್ಟಿನ ಎತ್ತರ ಆಗಲೇ ದಾಟಿತು, ಹೇಳೋಕೆ ಮರೆತೆ.

ಅವರು: ಇದೇನು, 320 ಅಂತ ಇದ್ದದ್ದು 0.84 ಅಂತ ಬದಲಾಯಿತು?

ನಾನು: ಇಲ್ಲಿಂದ ಲೆಕ್ಕ ನಾಟ್‌ನಲ್ಲಿ ಅಲ್ಲ, ಮಾಕ್‌ನಲ್ಲಿ. ಶಬ್ದದ ವೇಗದ ನೂರರಲ್ಲಿ 84 ಪಾಲು. 320ರಲ್ಲೇ ಹಟ ಹಿಡಿದು ಇನ್ನೂ ಮೇಲೆ ಹೋದರೆ ಶಬ್ದದ ವೇಗ ಹತ್ತಿರ ಬಂದು ರೆಕ್ಕೆಯ ಮೇಲೆ ಗಾಳಿ ಅದುರುತ್ತೆ. ನಿಧಾನ ಆದರೆ ಬೀಳುತ್ತೆ, ಜೋರಾದರೆ ನಡುಗುತ್ತೆ. ಮೇಲೆ ಹೋದ ಹಾಗೆ ಇವೆರಡರ ನಡುವಿನ ಓಣಿ ಸಣ್ಣದಾಗ್ತಾ ಬರುತ್ತೆ. ಎರಡು ಗೋಡೆಯೂ ಕೂಡೋ ಜಾಗಕ್ಕೆ ಪೈಲಟ್ಟುಗಳು ಕಾಫಿನ್ ಕಾರ್ನರ್ ಅಂತಾರೆ. ಶವಪೆಟ್ಟಿಗೆಯ ಮೂಲೆ.

ಅವರು: ಹೆಸರಿಟ್ಟವನು ಹೋಗಿ ಬಂದವನಿರಬೇಕು.

ನಾನು: ಈಗಿನ ವಿಮಾನಗಳು ಅಲ್ಲಿಗೆ ಹೋಗೋದಿಲ್ಲ, ತುಂಬಾ ದೂರದಲ್ಲೇ ಕಂಪ್ಯೂಟರ್ ಬೇಲಿ ಹಾಕಿರುತ್ತೆ. ಹಳೆಯ ಸಿಮ್ಯುಲೇಟರುಗಳಲ್ಲಿ ಮಾತ್ರ ಒಂದು ಕಾಟ ಇತ್ತು. ಹವಾಮಾನ ಹೊಸದಾಗಿ ಇಳಿಸಿಕೊಂಡ ಕ್ಷಣ ಗಾಳಿಯ ದಿಕ್ಕು ಒಮ್ಮೆಲೇ ತಿರುಗಿ, ಹಿಂದಿನ ಗಾಳಿ ಮುಂದಿನದಾಗಿ, ವೇಗ ಐವತ್ತು ನಾಟ್ ಹಾರಿಬಿಡ್ತಿತ್ತು. ನಿಜವಾದ ಆಕಾಶ ಅಷ್ಟು ಒರಟಲ್ಲ. ನೋಡಿ, ಕೊನೇ ಸಾವಿರ ಅಡಿ. ಏರು 450.

ಅವರು: ಲೆಕ್ಕ ಸರಿಯಾಯಿತು ನಿಂದು.

ನಾನು: ಸರಿಯಾಗೋ ಹಾಗೆ ಹೇಳಿದೆ ಅಂತ ಅನುಮಾನ ಬೇಡ. 30,600... 30,800... ಮೂಗು ಇಳೀತಾ ಇದೆ. 31,000. ಬಂದೆವು.

ಅವರು: ಸದ್ದು ತಗ್ಗಿತು.

ನಾನು: ಇನ್ನು ಎತ್ತರ ಕೊಳ್ಳಬೇಕಿಲ್ಲವಲ್ಲ, ಎಳೆತಕ್ಕೆ ಎಷ್ಟು ಬೇಕೋ ಅಷ್ಟೇ ನೂಕು. ಹೊರಟು ಇಪ್ಪತ್ತಾರು ನಿಮಿಷ. ಮುಂದೆ ಕಾಣೋ ಕಪ್ಪು, ಬಂಗಾಳ ಕೊಲ್ಲಿ.

ಅವರು: 31 ಯಾಕೆ, 32 ಯಾಕಲ್ಲ? ದುಂಡು ಅಂಕಿ ಆಗ್ತಿತ್ತು.

ನಾನು: ಪೂರ್ವಕ್ಕೆ ಹೋಗೋರಿಗೆ ಬೆಸ, ಪಶ್ಚಿಮಕ್ಕೆ ಹೋಗೋರಿಗೆ ಸಮ. ಎದುರು ಬರೋನು 30ರಲ್ಲೋ 32ರಲ್ಲೋ ಇರ್ತಾನೆ, ಸಾವಿರ ಅಡಿ ಅಂತರ. ಆಕಾಶದಲ್ಲಿ ಡಿವೈಡರ್ ಇಲ್ಲ, ಮಹಡಿ ಇದೆ.

ಅವರು: ಹಾಗಾದರೆ ಮುಗೀತು. ಇನ್ನು ಹದಿನಾರು ಗಂಟೆ ಇದೇ ಮಹಡಿ.

ನಾನು: ಇಲ್ಲ. ಗಂಟೆಗೆ ಸುಮಾರು 8 ಟನ್ ಸುಡುತ್ತೆ. ಹಗುರಾದ ಹಾಗೆ ಮತ್ತೆ ಚಿಲ್ಲರೆ ಉಳಿಯುತ್ತೆ. ಇಪ್ಪತ್ತು ಟನ್ನಿಗೂ ಸ್ವಲ್ಪ ಹೆಚ್ಚು ಸುಟ್ಟ ಮೇಲೆ 33,000ಕ್ಕೆ ಹತ್ತಬಹುದು. ಆಮೇಲೆ 35, ಬೆಳಗಿನ ಹೊತ್ತಿಗೆ 37. ಆವತ್ತು ನಾನು ಎದ್ದ ಕೂಡಲೇ ಕೇಳಿದ 37,000 ಇದೆಯಲ್ಲ, ಅದನ್ನ ಈ ವಿಮಾನ ನೂರು ಟನ್ನಿನ ಹತ್ತಿರ ಇಳಿಸಿಕೊಂಡ ಮೇಲೆ ಕೇಳುತ್ತೆ.

ಅವರು: ಈಗ ಗಂಟೆ ಎಷ್ಟು?

ನಾನು: ಎಂಟು ಹತ್ತು.

ಅವರು: 33ಕ್ಕೆ ಎಷ್ಟೊತ್ತಿಗೆ?

ನಾನು: ಹನ್ನೊಂದರ ಸುಮಾರಿಗೆ. ಹೆಚ್ಚೇನೂ ನೋಡೋಕಿಲ್ಲ ಅಲ್ಲಿ, 2,000 ಅಡಿ, ನಾಲ್ಕೈದು ನಿಮಿಷದ ಕೆಲಸ.

ಅವರು: ಊಟ ಮುಗಿಸಿ ಎದ್ದಿರ್ತೀನಿ. ಹತ್ತೋಕೆ ಮುಂಚೆ ಗೋಡೆಗೆ ಎರಡು ಸಲ ತಟ್ಟು.